ನೆಗ್ಗಿದ ತೋಟಾ ಹಾರಿಸಬಹುದಾ?

ಹೋದ ವರ್ಷ ನಮ್ಮ ಕೊಡಗಿನ ಆಯುಧ ಪೂಜೆಯ ಹಬ್ಬ ಕೈಲ್ ಮುಹೂರ್ತಕ್ಕೆ ಹತ್ತು ದಿನ ಇರುವಾಗ ಜೀಪಿನ ಜಾಕ್ ನನ್ನ ತೋಟಾ ಡಬ್ಬದ ಮೇಲೆ ಬಿತ್ತು. ತಪ್ಪು ನನ್ನದೇ. ಹಿಂದಿನ ಸೀಟಿನ ಕೆಳಗೆ ಬಟ್ಟೆ ಚೀಲದಲ್ಲಿ ಇಟ್ಟಿದ್ದೆ, ಜಾಕನ್ನು ಕಟ್ಟಿರಲಿಲ್ಲ. ಮಳೆಗಾಲದಲ್ಲಿ ನಮ್ಮ ಕಡೆಯ ರಸ್ತೆ ಹೇಗಿರುತ್ತದೆ ಅಂತ ಕೊಡಗಿನವರಿಗೆ ಹೇಳಬೇಕಾಗಿಲ್ಲ. ಮನೆಗೆ ಬಂದು ನೋಡಿದರೆ ರಟ್ಟಿನ ಡಬ್ಬ ಅಪ್ಪಚ್ಚಿ. ಒಳಗೆ 20 ತೋಟಾ, ಎಲ್ಲಾ .30-06 ಅನ್ನುವ ಅಳತೆಯ ರೈಫಲ್ ತೋಟಾ. ಕಾರ್ಖಾನೆಯಿಂದ ಬಂದ ಹೊಸ ಮಾಲು. ಅದರಲ್ಲಿ 11ಕ್ಕೆ ಪೆಟ್ಟು ಬಿದ್ದಿತ್ತು.

ರೈಫಲ್ ತೋಟಾದ ಬೆಲೆ ಗೊತ್ತಿದ್ದವರಿಗೆ ನನ್ನ ಹೊಟ್ಟೆಯುರಿ ಅರ್ಥವಾಗುತ್ತದೆ. ಬೆಲೆಗಿಂತ ಹೆಚ್ಚಾಗಿ, ಅಂಗಡಿಯಲ್ಲಿ ಬೇಕೆಂದಾಗ ಸಿಗುವುದಿಲ್ಲ. ಎಸೆಯಲು ಮನಸ್ಸಿಲ್ಲ, ಹಾರಿಸಲು ಧೈರ್ಯವಿಲ್ಲ. ಡಬ್ಬ ಹಿಡಿದುಕೊಂಡು ಮಾವನ ಮನೆಗೆ ಹೋದೆ.

ನಮ್ಮ ಮಾವ ಸೈನ್ಯದಲ್ಲಿ ಆರ್ಮರರ್ ಆಗಿದ್ದವರು. ಅಂದರೆ ಬಂದೂಕು ಬಿಚ್ಚಿ, ನೋಡಿ, ಸರಿಮಾಡಿ ಕೊಡುವ ಕೆಲಸ. ಈಗ ನಿವೃತ್ತಿಯಾಗಿ ಕಾಳುಮೆಣಸು ನೋಡಿಕೊಂಡಿದ್ದಾರೆ. ಡಬ್ಬ ನೋಡಿದ ಕೂಡಲೇ ಬೈದರು. ಆಮೇಲೆ ಅತ್ತೆಗೆ ಬೆಲ್ಲದ ಕಾಫಿ ಮಾಡಲು ಹೇಳಿ, ಊಟದ ಮೇಜಿನ ಮೇಲೆ ಬಿಳಿ ಟವೆಲ್ ಹಾಸಿದರು. ಅವತ್ತು ಮಧ್ಯಾಹ್ನ ಅವರು ಒಂದೊಂದೇ ತೋಟಾ ಎತ್ತಿ ತೋರಿಸಿದ್ದನ್ನು ಇಲ್ಲಿ ಬರೆಯುತ್ತಿದ್ದೇನೆ. ಇದು ಕಾರ್ಖಾನೆಯಲ್ಲಿ ತಯಾರಾದ, ತಳದ ನಡುವೆ ಕೇಪು, ಅಂದರೆ ಮದ್ದಿಗೆ ಕಿಡಿ ಕೊಡುವ ಸಣ್ಣ ಬಿಲ್ಲೆ, ಇರುವ ರೈಫಲ್ ತೋಟಾಗಳ ಮಾತು. ಪಾಯಿಂಟ್ 22 ಅನ್ನುವ ಸಣ್ಣ ತೋಟಾ ಬೇರೆ ಜಾತಿ, ಅದರ ಬಗ್ಗೆ ಕೊನೆ ಹತ್ತಿರ ಹೇಳುತ್ತೇನೆ.

ಮೊದಲು ಒಂದು ವಿಷಯ. ನೆಗ್ಗು ಎಷ್ಟು ದೊಡ್ಡದು ಅಂತ ನೋಡುವುದು ನಮ್ಮ ಅಭ್ಯಾಸ. ಮಾವ ಅದನ್ನು ಕೊನೆಗೆ ನೋಡುತ್ತಾರೆ. ಎಲ್ಲಿ ನೆಗ್ಗಿದೆ, ಹೇಗೆ ನೆಗ್ಗಿದೆ, ಇವೆರಡು ಮೊದಲು.

ತೋಟಾವನ್ನು ಒಂದು ಹಿತ್ತಾಳೆ ಪಾತ್ರೆ ಅಂದುಕೊಳ್ಳಿ. ತಳ ಇದೆ, ಒಡಲು ಇದೆ, ಭುಜ, ಕತ್ತು, ಬಾಯಿ ಇದೆ. ಬಾಯಲ್ಲಿ ಗುಂಡು ಕಚ್ಚಿಕೊಂಡು ಕೂತಿದೆ, ತಳದಲ್ಲಿ ಕೇಪು, ನಡುವೆ ಮದ್ದು. ಹಿತ್ತಾಳೆಯಲ್ಲಿ ಸುಮಾರು 70 ಭಾಗ ತಾಮ್ರ, 30 ಭಾಗ ಸತು. ತಳ ಗಟ್ಟಿ, ಮೇಲೆ ಹೋದ ಹಾಗೆ ಗೋಡೆ ತೆಳ್ಳಗಾಗುತ್ತದೆ. .30-06ರ ಕತ್ತಿನಲ್ಲಿ ಹಿತ್ತಾಳೆಯ ದಪ್ಪ 0.3ರಿಂದ 0.4 ಮಿ.ಮೀ. ಅಷ್ಟೆ. ತಳದಲ್ಲಿ ಸುಮಾರು 5 ಮಿ.ಮೀ. ಪೂರ್ತಿ ಗಟ್ಟಿ ಲೋಹ.

ಈಡು ಹೊಡೆದಾಗ ಈ ಪಾತ್ರೆಯೊಳಗೆ ಏಳುವ ಒತ್ತಡಕ್ಕೆ .30-06ರಲ್ಲಿ ಇಟ್ಟಿರುವ ಮಿತಿ 60,000 ಪಿಎಸ್‌ಐ. ಜೀಪಿನ ಟಯರಿಗೆ ಪೆಟ್ರೋಲ್ ಬಂಕಿನಲ್ಲಿ 30 ಹಾಕಿಸುತ್ತೇವಲ್ಲ, ಅದೇ ಲೆಕ್ಕದಲ್ಲಿ ಇದು ಎರಡು ಸಾವಿರ ಪಟ್ಟು. ಅಷ್ಟು ಒತ್ತಡವನ್ನು ತೆಳ್ಳನೆಯ ಹಿತ್ತಾಳೆ ಒಂದೇ ತಡೆಯುವುದಿಲ್ಲ. ಸುತ್ತಲಿನ ಉಕ್ಕಿನ ಚೇಂಬರ್, ಅಂದರೆ ನಳಿಗೆಯ ಹಿಂದುಗಡೆ ತೋಟಾ ಕೂರುವ ಗೂಡು, ತಡೆಯುತ್ತದೆ. ಹಿತ್ತಾಳೆ ಉಬ್ಬಿ ಚೇಂಬರಿನ ಗೋಡೆಗೆ ಅಂಟಿಕೊಂಡು, ಬಿಸಿ ಗ್ಯಾಸ್ ಹಿಂದಕ್ಕೆ ಬರದಂತೆ ಮುಚ್ಚುತ್ತದೆ. ಒತ್ತಡ ಇಳಿದ ಮೇಲೆ ಸ್ವಲ್ಪ ಕುಗ್ಗಿ ಸಡಿಲವಾಗುತ್ತದೆ. ಅದಕ್ಕೇ ಖಾಲಿ ಕೇಸು, ಅಂದರೆ ಈ ಹಿತ್ತಾಳೆ ಪಾತ್ರೆ, ಸಲೀಸಾಗಿ ಹೊರಗೆ ಬರುವುದು.

ಇದು ತಿಳಿದರೆ ಅರ್ಧ ಪ್ರಶ್ನೆಗೆ ಉತ್ತರ ಸಿಕ್ಕಿದ ಹಾಗೆ. ನೆಗ್ಗಿದ ಚೊಂಬನ್ನು ಕಂಚುಗಾರ ಒಳಗಿನಿಂದ ಬಡಿದು ಸರಿಮಾಡುತ್ತಾನೆ, ಅಲ್ವಾ? ಒಡಲಿನಲ್ಲಿರುವ ನುಣುಪಾದ ಸಣ್ಣ ನೆಗ್ಗನ್ನು ಮದ್ದಿನ ಒತ್ತಡ ಅದೇ ರೀತಿ ಒಳಗಿನಿಂದ ತಳ್ಳಿ ಚೇಂಬರಿನ ಗೋಡೆಗೆ ಚಪ್ಪಟೆ ಮಾಡುತ್ತದೆ. ಹಾರಿಸಿದ ಮೇಲೆ ಕೇಸು ನೋಡಿದರೆ ನೆಗ್ಗು ಎಲ್ಲಿತ್ತು ಅಂತ ಹುಡುಕಬೇಕು. ಆದರೆ ಹಿತ್ತಾಳೆ ಮಡಚಿದ್ದರೆ, ಸೀಳಿದ್ದರೆ, ಅಥವಾ ಒಳಗಿನ ಜಾಗವೇ ಬದಲಾಗಿದ್ದರೆ ಕಥೆ ಬೇರೆ.

ಮೇಜಿಗೆ ಬರೋಣ. ನೋಡಲು ಬೇಕಾದ್ದು ಜಾಸ್ತಿ ಏನಿಲ್ಲ. ಕಿಟಕಿ ಪಕ್ಕದ ಬೆಳಕು, ಬಿಳಿ ಬಟ್ಟೆ, ಒಂದು ಭೂತಗನ್ನಡಿ, ಇದ್ದರೆ ಒಂದು ವರ್ನಿಯರ್ ಕ್ಯಾಲಿಪರ್. ಮತ್ತೆ ನಿಮ್ಮ ಹೆಬ್ಬೆರಳಿನ ಉಗುರು. ರೈಫಲ್ ಆ ಕೋಣೆಯಲ್ಲೇ ಇರಬಾರದು. ಇದು ಮಾವನ ಕಟ್ಟುನಿಟ್ಟು. "ಚೇಂಬರಿಗೆ ಹೋಗುತ್ತದಾ ಅಂತ ಒಂದ್ಸಲ ಹಾಕಿ ನೋಡೋಣ" ಅಂತ ಯಾರಿಗಾದರೂ ಅನ್ನಿಸಿಯೇ ಅನ್ನಿಸುತ್ತದೆ. ಮನೆಯೊಳಗೆ ಜೀವಂತ ತೋಟಾವನ್ನು ಚೇಂಬರಿಗೆ ಹಾಕುವ ಕೆಲಸವೇ ಇಲ್ಲ.

ಡಬ್ಬದಲ್ಲಿ ಒಂದೂ ಕಲೆಯಿಲ್ಲದ ತೋಟಾ ಒಂದನ್ನು ಎತ್ತಿ ಪಕ್ಕದಲ್ಲಿ ನಿಲ್ಲಿಸಿ. ಅದೇ ಅಳತೆಗೋಲು. ಉಳಿದದ್ದನ್ನೆಲ್ಲ ಅದಕ್ಕೆ ಹೋಲಿಸಿ ನೋಡುವುದು.

ಈಗ ಉಗುರು. ನೆಗ್ಗಿನ ಮೇಲೆ ಉಗುರನ್ನು ಅಡ್ಡ ಎಳೆಯಿರಿ, ಆಮೇಲೆ ಉದ್ದಕ್ಕೆ. ಜಾರಿಕೊಂಡು ಇಳಿದು, ಜಾರಿಕೊಂಡು ಹತ್ತಿದರೆ ಅದು ನೆಗ್ಗು. ಎಲ್ಲಾದರೂ ಟಕ್ ಅಂತ ಸಿಕ್ಕಿಕೊಂಡರೆ ಅದು ಮಡಿಕೆ ಅಥವಾ ಗೀರು. ನನ್ನ ಎಡಗೈ ಹಿಡಿದು ಮಾವ ಇದನ್ನು ಮಾಡಿಸಿದರು. ಒಂದು ತೋಟಾದ ಒಡಲಿನ ಮೇಲೆ ಹುಣಸೆ ಬೀಜದಷ್ಟು ಅಗಲದ ನೆಗ್ಗು, ನೋಡಲು ಭಯಂಕರ. ಉಗುರು ಎಲ್ಲೂ ನಿಲ್ಲಲಿಲ್ಲ. ಇನ್ನೊಂದರ ಮೇಲೆ ಅಕ್ಕಿ ಕಾಳಿನಷ್ಟು ಉದ್ದದ ಗೆರೆ, ಕಣ್ಣಿಗೆ ಏನೂ ಅಲ್ಲ. ಉಗುರು ಅಲ್ಲೇ ನಿಂತಿತು. ದೊಡ್ಡದು ಪಾಸ್, ಸಣ್ಣದು ಫೇಲ್. ಮಡಿಕೆ ಬಿದ್ದ ಜಾಗದಲ್ಲಿ ಹಿತ್ತಾಳೆ ಬಿರುಸಾಗಿರುತ್ತದೆ. ತಂತಿಯನ್ನು ಹಿಂದೆ ಮುಂದೆ ಬಗ್ಗಿಸಿದರೆ ಆ ಜಾಗದಲ್ಲೇ ತುಂಡಾಗುವ ಹಾಗೆ, ಒತ್ತಡ ಬಂದಾಗ ಅದು ಅಲ್ಲೇ ಸೀಳುತ್ತದೆ.

ಒಡಲಿನ ನುಣುಪಾದ ನೆಗ್ಗಿನಿಂದ ಒಳಗಿನ ಜಾಗ ಕಮ್ಮಿಯಾಗಿ ಒತ್ತಡ ಏರುವುದಿಲ್ಲವಾ ಅಂತ ನಾನು ಕೇಳಿದೆ. ಮಾವ ಪೇಪರಿನ ಅಂಚಿನಲ್ಲಿ ಲೆಕ್ಕ ಮಾಡಿಸಿದರು. .30-06 ಕೇಸಿನ ಒಳಗೆ ಸುಮಾರು 4.4 ಮಿಲಿಲೀಟರ್ ಜಾಗ. ಟೀ ಚಮಚಕ್ಕಿಂತ ಸ್ವಲ್ಪ ಕಮ್ಮಿ. 5 ಮಿ.ಮೀ. ಅಗಲ, ಅರ್ಧ ಮಿ.ಮೀ. ಆಳದ ನೆಗ್ಗು ತಿನ್ನುವ ಜಾಗ ಅದರಲ್ಲಿ ಸಾವಿರಕ್ಕೆ ಒಂದು ಪಾಲು. ಅಷ್ಟು ವ್ಯತ್ಯಾಸ ಒಂದೇ ಡಬ್ಬದ ಒಳ್ಳೆಯ ತೋಟಾಗಳ ನಡುವೆಯೇ ಇರುತ್ತದೆ. ಒಡಲು ಒಂದು ಕಡೆ ಪೂರ್ತಿ ಚಪ್ಪಟೆಯಾಗಿದ್ದರೆ ಈ ಲೆಕ್ಕ ನಡೆಯುವುದಿಲ್ಲ ಅನ್ನುವುದು ಬೇರೆ ಮಾತು. ಅಂಥದ್ದು ಚೇಂಬರಿಗೂ ಹೋಗುವುದಿಲ್ಲ, ಯಾಕೆಂದರೆ ಒಂದು ಕಡೆ ಒಳಗೆ ಹೋದ ಹಿತ್ತಾಳೆ ಇನ್ನೊಂದು ಕಡೆ ಹೊರಗೆ ಉಬ್ಬಿರುತ್ತದೆ.

ಒಡಲಿನಲ್ಲಿ ಮತ್ತು ಭುಜದಲ್ಲಿ ಬರೀ ನುಣುಪಾದ ನೆಗ್ಗು ಇದ್ದವು ನನ್ನ 11ರಲ್ಲಿ 6. ಅವನ್ನು ಮಾವ ಬಲಗಡೆ ಇಟ್ಟರು. ಹಾರಿಸಬಹುದಾದದ್ದು ಬಲಗಡೆ, ಹಾರಿಸಬಾರದ್ದು ಎಡಗಡೆ.

ಭುಜದ ಮಾತು ಸ್ವಲ್ಪ ವಿವರವಾಗಿ ಹೇಳಬೇಕು. .30-06 ತೋಟಾ ಚೇಂಬರಿನೊಳಗೆ ಎಷ್ಟು ಮುಂದೆ ಹೋಗಿ ನಿಲ್ಲಬೇಕು ಅನ್ನುವುದನ್ನು ನಿರ್ಧರಿಸುವುದು ಭುಜ. ಭುಜದ ಒಂದು ಕಡೆ ಸಣ್ಣ ಗುಳಿ ಬಿದ್ದಿದ್ದರೆ ಪರವಾಗಿಲ್ಲ, ಉಳಿದ ಸುತ್ತು ಹಿಡಿದು ನಿಲ್ಲಿಸುತ್ತದೆ. ಆದರೆ ಮೇಲಿನಿಂದ ಪೆಟ್ಟು ಬಿದ್ದು ಭುಜವೇ ಕುಸಿದಿದ್ದರೆ ಎರಡು ತೊಂದರೆ. ಕುಸಿದ ಭುಜದ ಬುಡ ಉಬ್ಬಿ ಬೋಲ್ಟ್, ಅಂದರೆ ಚೇಂಬರನ್ನು ಹಿಂದಿನಿಂದ ಮುಚ್ಚುವ ಅಗುಳಿ, ಮುಚ್ಚದೇ ಇರಬಹುದು. ಇಲ್ಲವೇ ತೋಟಾ ಬೇಕಾದ್ದಕ್ಕಿಂತ ಮುಂದೆ ಹೋಗಿ ಕೂತು, ಹೊಡೆದಾಗ ಕೇಸು ಹಿಂದಕ್ಕೆ ಎಳೆದುಕೊಂಡು ತಳದ ಮೇಲುಗಡೆ ತುಂಡಾಗಬಹುದು. ಎರಡನೆಯದು ನಿಜವಾದ ಅಪಾಯ.

ಇಲ್ಲಿ .315 ರೈಫಲ್ ಇರುವವರಿಗೆ ಒಂದು ಮಾತು. ಈಶಾಪುರ ಕಾರ್ಖಾನೆಯ .315 ನಮ್ಮ ಕಡೆ ಬೇಕಾದಷ್ಟು ಮನೆಗಳಲ್ಲಿ ಇದೆ. ಅದರ ತೋಟಾದ ತಳಕ್ಕೆ ಹೊರಚಾಚಿದ ಅಂಚು ಇದೆ, ನಿಲ್ಲಿಸುವುದು ಆ ಅಂಚು, ಭುಜ ಅಲ್ಲ. ಹಾಗಾಗಿ ಅದರಲ್ಲಿ ಭುಜದ ನೆಗ್ಗಿಗೆ ಅಷ್ಟು ಹೆದರಬೇಕಾಗಿಲ್ಲ, ಅಂಚು ಬಗ್ಗಿದ್ದರೆ ಹೆದರಬೇಕು.

ಮಾವನ ಹತ್ತಿರ .30-06ರ ಒಂದು ಗೇಜ್ ಇದೆ. ಅಮೆರಿಕದಲ್ಲಿರುವ ಮಗ ತಂದುಕೊಟ್ಟದ್ದು. ಹೆಬ್ಬೆರಳಿಗಿಂತ ಸ್ವಲ್ಪ ದಪ್ಪದ ಉಕ್ಕಿನ ಕೊಳವೆ. ತೋಟಾವನ್ನು ಅದರೊಳಗೆ ಬಿಟ್ಟರೆ ತಳವು ಕೊಳವೆಯ ಬಾಯಲ್ಲಿ ಕೊರೆದ ಎರಡು ಮೆಟ್ಟಿಲುಗಳ ನಡುವೆ ನಿಲ್ಲಬೇಕು. ಭುಜಕ್ಕೆ ಜಾಕಿನ ಅಂಚು ಬಡಿದಿದ್ದ ಒಂದು ತೋಟಾ ಮೇಲಿನ ಮೆಟ್ಟಿಲಿಗಿಂತಲೂ ಉಗುರಿನ ದಪ್ಪದಷ್ಟು ಎದ್ದು ನಿಂತಿತು. ಒತ್ತಿದರೂ ಇಳಿಯಲಿಲ್ಲ. ಅದು ಎಡಗಡೆಗೆ ಹೋಯಿತು. ಗೇಜ್ ಇಲ್ಲದವರು ಏನು ಮಾಡಬೇಕು? ಭುಜದ ಆಕಾರ ಅನುಮಾನ ಅನ್ನಿಸಿದರೆ ಸುಮ್ನೆ ಎಡಗಡೆ ಇಡಿ. ಗೇಜಿನಲ್ಲಿ ಪಾಸಾದದ್ದೆಲ್ಲ ನಿಮ್ಮ ಚೇಂಬರಿಗೆ ಹೋಗಲೇಬೇಕು ಅಂತಲೂ ಇಲ್ಲ, ಒಡಲಿನ ಉಬ್ಬನ್ನು ಅದು ಅಷ್ಟು ಚೆನ್ನಾಗಿ ಹಿಡಿಯುವುದಿಲ್ಲ.

ಕತ್ತಿಗೆ ಬಂದರೆ, ಹಿತ್ತಾಳೆ ಅಲ್ಲಿ ತೀರಾ ತೆಳ್ಳಗೆ. ಎರಡು ತೋಟಾಗಳ ಕತ್ತಿನಲ್ಲಿ ಪೆಟ್ಟು ಇತ್ತು. ಒಂದರಲ್ಲಿ ಗುಂಡಿನ ಪಕ್ಕ ಸ್ವಲ್ಪ ಚಪ್ಪಟೆ, ಬಾಯಿ ಇನ್ನೂ ದುಂಡಗೆ ಗುಂಡನ್ನು ಹಿಡಿದಿತ್ತು. ಭೂತಗನ್ನಡಿಯಲ್ಲಿ ನೋಡಿದರೆ ಸೀಳಿಲ್ಲ, ಗುಂಡನ್ನು ಬೆರಳಲ್ಲಿ ತಿರುಗಿಸಿದರೆ ತಿರುಗಲಿಲ್ಲ. ಬಲಗಡೆ. ಇನ್ನೊಂದರಲ್ಲಿ ಬಾಯಿಯ ಅಂಚು ಒಂದು ಕಡೆ ಒಳಗೆ ಮಡಚಿ ಗುಂಡಿನ ತಾಮ್ರದ ಹೊದಿಕೆಗೆ ಚುಚ್ಚಿಕೊಂಡಿತ್ತು. ಗುಂಡು ಸೊಟ್ಟಗೆ ಕೂತಿತ್ತು. ತೋಟಾವನ್ನು ಮೇಜಿನ ಮೇಲೆ ಉರುಳಿಸಿದರೆ ಗುಂಡಿನ ತುದಿ ಕುಂಟುತ್ತಾ ಸುತ್ತಿತು. ಈ ಉರುಳಿಸುವ ಪರೀಕ್ಷೆ ನನಗೆ ತುಂಬಾ ಹಿಡಿಸಿತು. ಗಾಜಿನ ಮೇಲೆ ಉರುಳಿಸಿದರೆ ಇನ್ನೂ ಸ್ಪಷ್ಟವಾಗಿ ಗೊತ್ತಾಗುತ್ತದೆ. ಎಡಗಡೆ.

ಗುಂಡು ಒಳಗೆ ಕುಸಿದಿದೆಯಾ ಅನ್ನುವುದನ್ನು ಪ್ರತಿ ತೋಟಾದಲ್ಲೂ ನೋಡಬೇಕು, ನೆಗ್ಗಿರಲಿ ಬಿಡಲಿ. ಜಾಕ್ ತುದಿಯ ಮೇಲೆ ಬಿದ್ದಿದ್ದ ಒಂದು ತೋಟಾ ನನ್ನ ಕಣ್ಣಿಗೆ ಪೂರ್ತಿ ಸರಿಯಾಗಿ ಕಂಡಿತ್ತು. ಮಾವ ಅದನ್ನು ಅಳತೆಗೋಲಿನ ಪಕ್ಕ ನಿಲ್ಲಿಸಿ, ತಲೆ ಮೇಲೆ ಸ್ಟೀಲ್ ಸ್ಕೇಲ್ ಅಡ್ಡ ಇಟ್ಟರು. ಸ್ಕೇಲ್ ವಾಲಿತು. ಕ್ಯಾಲಿಪರಿನಲ್ಲಿ ಒಂದೂವರೆ ಮಿ.ಮೀ. ಗಿಡ್ಡ. ಮೆತ್ತನೆಯ ಸೀಸದ ತುದಿ ಇರುವ ಗುಂಡುಗಳಲ್ಲಿ ತುದಿಯೇ ಚಪ್ಪಟೆಯಾಗಿ ಗಿಡ್ಡ ಕಾಣಬಹುದು. ಅದರಿಂದ ಅಪಾಯವಿಲ್ಲ. ಹಾರುವಾಗ ಗುರಿ ಸ್ವಲ್ಪ ತಪ್ಪಬಹುದು, ಅಷ್ಟೆ. ಮ್ಯಾಗಜೀನಿನಲ್ಲಿ, ಅಂದರೆ ರೈಫಲಿನ ತೋಟಾ ತುಂಬುವ ಪೆಟ್ಟಿಗೆಯಲ್ಲಿ, ಕೂತ ತೋಟಾಗಳ ತುದಿ ಪ್ರತಿ ಈಡಿನ ಒದೆತಕ್ಕೂ ಮುಂದಿನ ಗೋಡೆಗೆ ಬಡಿದು ಹೀಗೆ ಆಗುವುದು ಮಾಮೂಲು. ಆದರೆ ನನ್ನದರಲ್ಲಿ ಗುಂಡಿನ ಸುತ್ತ ಇರುವ ಗೀರುಪಟ್ಟಿ ಬಾಯಿಯೊಳಗೆ ಮುಳುಗಿತ್ತು. ಅಂದರೆ ಗುಂಡೇ ಇಳಿದಿದೆ. ಹಿಡಿತ ತಪ್ಪಿದೆ, ಒಳಗಿನ ಜಾಗ ಕುಗ್ಗಿದೆ, ಒತ್ತಡ ಎಲ್ಲಿಗೆ ಹೋಗುತ್ತದೆ ಅಂತ ಲೆಕ್ಕ ಇಲ್ಲ. ಜಾಗವೇ ಕಮ್ಮಿ ಇರುವ ಪಿಸ್ತೂಲಿನ ತೋಟಾಗಳಲ್ಲಿ ಇದು ಇನ್ನೂ ಕೆಟ್ಟದ್ದು. ಎಡಗಡೆ.

ಗುಂಡಿನ ಹಿಡಿತ ನೋಡಲು ತುದಿಯನ್ನು ಮರದ ಮೇಜಿಗೆ ಒತ್ತಿ, ಕೈಬಲದಿಂದ ಮಾತ್ರ. ಅಲುಗಬಾರದು. ಬಡಿಯಬೇಡಿ. ಕಿವಿ ಹತ್ತಿರ ಅಲ್ಲಾಡಿಸಿ ಮದ್ದಿನ ಸದ್ದು ಕೇಳುವವರಿದ್ದಾರೆ, ಅದರಿಂದ ಏನೂ ಗೊತ್ತಾಗುವುದಿಲ್ಲ. ಎಷ್ಟೋ ಒಳ್ಳೆಯ ತೋಟಾಗಳಲ್ಲಿ ಕೇಸಿನ ಭರ್ತಿ ಮದ್ದು ಇರುವುದೇ ಇಲ್ಲ.

ಹನ್ನೊಂದನೆಯದು ಅಕ್ಕಿ ಕಾಳಿನ ಗೆರೆಯದ್ದು. ಅದು ಇದ್ದದ್ದು ತಳದಿಂದ ಅರ್ಧ ಬೆರಳಗಲ ಮೇಲೆ. ಮಾವನ ನಿಯಮ ಸರಳ. ತಳದಿಂದ ಒಂದು ಬೆರಳಗಲದೊಳಗೆ ಯಾವ ನೆಗ್ಗಿದ್ದರೂ, ನುಣುಪಾಗಿದ್ದರೂ, ಹಾರಿಸಬಾರದು. ಕಾರಣ ಎರಡು. ಅಲ್ಲಿ ಹಿತ್ತಾಳೆ ದಪ್ಪ, ಅಷ್ಟು ದಪ್ಪದ್ದು ನೆಗ್ಗಬೇಕಾದರೆ ಪೆಟ್ಟು ಜೋರೇ ಬಿದ್ದಿರಬೇಕು, ಒಳಗೆ ಏನಾಗಿದೆಯೋ ಕಾಣುವುದಿಲ್ಲ. ಇನ್ನೊಂದು, ತಳದ ಕೊನೆಯ ಸ್ವಲ್ಪ ಭಾಗ ಚೇಂಬರಿನಿಂದ ಹೊರಗೇ ಇರುತ್ತದೆ, ಸುತ್ತ ಉಕ್ಕಿನ ಆಸರೆ ಇಲ್ಲ. ಅಲ್ಲಿ ಸೀಳಿದರೆ ಗ್ಯಾಸ್ ಬರುವುದು ನಿಮ್ಮ ಮುಖದ ಕಡೆಗೇ.

ಕೇಪನ್ನೂ ನೋಡಿ. ತಳದ ಮಟ್ಟಕ್ಕೆ ಸಮನಾಗಿ, ಇಲ್ಲವೇ ಕೂದಲೆಳೆಯಷ್ಟು ಒಳಗೆ ಇರಬೇಕು. ಮೇಲೆ ಎದ್ದಿದ್ದರೆ, ಗುಳಿ ಬಿದ್ದಿದ್ದರೆ, ಸುತ್ತ ಕಪ್ಪಾಗಿದ್ದರೆ ಬೇಡ. ಕೆಲವು ಸ್ವಯಂಚಾಲಿತ ರೈಫಲುಗಳಲ್ಲಿ ಹಾರಿಸದೇ ಹೊರತೆಗೆದ ತೋಟಾದ ಕೇಪಿನ ಮೇಲೆ ಸೂಜಿಮೊನೆಯಷ್ಟು ಗುರುತು ಇರುತ್ತದೆ. ಅದು ಮಾಮೂಲು, ಆದರೆ ಅದೇ ತೋಟಾವನ್ನು ಮತ್ತೆ ಮತ್ತೆ ಹಾಕಿ ತೆಗೆಯಬಾರದು.

ಒಂದು ಡಬ್ಬ ತೆರೆದ ಕೂಡಲೇ ಎಲ್ಲಾ ತೋಟಾಗಳಲ್ಲೂ ಒಂದೇ ಜಾಗದಲ್ಲಿ ಒಂದೇ ಥರದ ನೆಗ್ಗು ಕಂಡರೆ ಅದು ಕಾರ್ಖಾನೆಯ ಯಂತ್ರದ ಗುರುತು. ಆಗ ಈ ಎಡ ಬಲದ ಆಟ ಬೇಡ. ಡಬ್ಬದ ಮೇಲಿನ ಲಾಟ್ ನಂಬರ್ ಸಮೇತ ಇಡೀ ಡಬ್ಬ ಅಂಗಡಿಗೆ ವಾಪಸ್. ಇನ್ನೊಂದು, ಭುಜ ಮತ್ತು ಕತ್ತಿನ ಹತ್ತಿರ ನೀಲಿ ಕಂದು ಬಣ್ಣದ ಛಾಯೆ ಕಂಡರೆ ಗಾಬರಿ ಬೇಡ. ಕತ್ತನ್ನು ಮೆದು ಮಾಡಲು ಕಾರ್ಖಾನೆಯಲ್ಲಿ ಬಿಸಿ ತೋರಿಸುತ್ತಾರೆ, ಅದರ ಕಲೆ. ಸೈನ್ಯದ ತೋಟಾಗಳಲ್ಲಿ ಹಾಗೇ ಬಿಡುತ್ತಾರೆ, ಮಾರಾಟದ ತೋಟಾಗಳಲ್ಲಿ ಹೆಚ್ಚಾಗಿ ಪಾಲಿಶ್ ಮಾಡಿ ತೆಗೆಯುತ್ತಾರೆ.

ಒಟ್ಟು 7 ಬಲಗಡೆ, 4 ಎಡಗಡೆ.

ನನ್ನ ಹಳೆಯ ಪೆದ್ದುತನವೊಂದನ್ನು ಇಲ್ಲಿ ಹೇಳಲೇಬೇಕು. ಸುಮಾರು ಹದಿನೈದು ವರ್ಷದ ಹಿಂದೆ, ಅಪ್ಪನ ಕಾಲದ ಇದೇ ರೈಫಲಿಗೆ ಒಂದು ನೆಗ್ಗಿದ ತೋಟಾ ಹಾಕಿದ್ದೆ. ಬೋಲ್ಟ್ ಮುಕ್ಕಾಲು ಮುಚ್ಚಿ ನಿಂತಿತು. ನಾಲ್ಕು ಜನ ನೋಡುತ್ತಿದ್ದರು, ಮರ್ಯಾದೆ ಪ್ರಶ್ನೆ. ಅಂಗೈಯಿಂದ ಗುದ್ದಿ ಮುಚ್ಚಿದೆ. ಆಮೇಲೆ ಭಯವಾಗಿ ಬೋಲ್ಟ್ ಎಳೆದೆ, ಬರಲಿಲ್ಲ. ಜೋರಾಗಿ ಎಳೆದಾಗ ಕೇಸು ಮಾತ್ರ ಬಂತು, ಗುಂಡು ನಳಿಗೆಯಲ್ಲೇ ಕಚ್ಚಿಕೊಂಡಿತು. ಮದ್ದಿನ ಕಾಳುಗಳು ಮ್ಯಾಗಜೀನಿನ ಒಳಗೆಲ್ಲ ಚೆಲ್ಲಿದವು. ನಳಿಗೆಯಲ್ಲಿ ಗುಂಡಿದೆ ಅಂತ ತಿಳಿಯದೆ ಮುಂದಿನ ತೋಟಾ ಹಾಕಿ ಹೊಡೆದಿದ್ದರೆ ಇವತ್ತು ಇದನ್ನು ಟೈಪ್ ಮಾಡಲು ಬೆರಳಿರುತ್ತಿರಲಿಲ್ಲ. ಕೋವಿ ರಿಪೇರಿಯವರ ಹತ್ತಿರ ಒಯ್ದು ಸರಿಮಾಡಿಸಿದೆ.

ಬೋಲ್ಟ್ ಎಂದಿನ ಹಾಗೆ ಮುಚ್ಚದಿದ್ದರೆ ಅಲ್ಲಿಗೆ ನಿಲ್ಲಿಸಿ. ಮೆಲ್ಲಗೆ ಹಿಂದಕ್ಕೆ ಎಳೆಯಿರಿ, ತೋಟಾ ಬಂದರೆ ಎಡಗಡೆ. ಬರದಿದ್ದರೆ ನಳಿಗೆಯನ್ನು ಗುರಿಯ ದಿಕ್ಕಿಗೇ ಇಟ್ಟುಕೊಂಡು ರೇಂಜಿನ ಹಿರಿಯರನ್ನು ಕರೆಯಿರಿ. ಜೀವಂತ ತೋಟಾ ಒಳಗೆ ಸಿಕ್ಕಿಕೊಂಡಿರುವಾಗ ಮುಂದಿನಿಂದ ಕಡ್ಡಿ ಹಾಕಿ ಬಡಿಯಬೇಡಿ.

ಬಲಗಡೆಯ 7 ತೋಟಾಗಳನ್ನು ನಾನು ರೇಂಜಿನಲ್ಲಿ ಹಾರಿಸಿದೆ. ಪಂದ್ಯಕ್ಕೆ ಇಟ್ಟುಕೊಳ್ಳಲಿಲ್ಲ, ಅಭ್ಯಾಸಕ್ಕೆ ಸಾಕು. ಕಣ್ಣಿಗೆ ಕನ್ನಡಕ, ಕಿವಿಗೆ ಮುಚ್ಚಿಗೆ. ಕನ್ನಡಕ ಅಂದರೆ ಓದುವ ಕನ್ನಡಕ ಅಲ್ಲ, ಪಕ್ಕವೂ ಮುಚ್ಚುವ ಗಟ್ಟಿ ಪ್ಲಾಸ್ಟಿಕ್ಕಿನದ್ದು. ತೆಂಗಿನಕಾಯಿಗೆ ಗುರಿಯಿಟ್ಟು ಹೊಡೆಯುವ ನಮ್ಮ ಪಂದ್ಯಗಳಲ್ಲಿ ಇದನ್ನು ಹಾಕಿದವರನ್ನು ಬೆರಳೆಣಿಕೆಯಲ್ಲಿ ನೋಡಿದ್ದೇನೆ. ಒಂದು ಸಲಕ್ಕೆ ಒಂದೇ ತೋಟಾ. ನನ್ನದು ಹಳೆಯ ಮೌಸರ್ ಮಾದರಿ, ಅದರಲ್ಲಿ ತೋಟಾವನ್ನು ನೇರ ಚೇಂಬರಿಗೆ ತಳ್ಳಬಾರದು, ಮ್ಯಾಗಜೀನಿಗೆ ಒಂದೇ ಒಂದು ಹಾಕಿ ಬೋಲ್ಟಿನಿಂದ ಎತ್ತಿಸಬೇಕು. ಪ್ರತಿ ಈಡಿನ ನಂತರ ಕೇಸು ತೆಗೆದು ನೋಡಿದೆ.

ಸದ್ದು ಎಂದಿಗಿಂತ ಮೆತ್ತಗೆ ಬಂದರೆ, ಒದೆತ ಕಮ್ಮಿ ಅನ್ನಿಸಿದರೆ, ನಿಲ್ಲಿಸಿ. ರೈಫಲ್ ಖಾಲಿ ಮಾಡಿ, ಬೋಲ್ಟ್ ತೆಗೆದು, ಹಿಂದಿನಿಂದ ನಳಿಗೆಯಲ್ಲಿ ಬೆಳಕು ಕಾಣುತ್ತದಾ ನೋಡಿ. ಟ್ರಿಗರ್ ಎಳೆದರೂ ಈಡು ಆಗದಿದ್ದರೆ ಕೂಡಲೇ ಬೋಲ್ಟ್ ತೆರೆಯಬೇಡಿ. ಕೇಪು ತಡವಾಗಿ ಹೊತ್ತಿಕೊಳ್ಳುವುದುಂಟು. 30 ಸೆಕೆಂಡ್ ಕಾಯಬೇಕು ಅನ್ನುತ್ತಾರೆ, ಮಾವ ಒಂದು ನಿಮಿಷ ಎಣಿಸುತ್ತಾರೆ. ನಳಿಗೆ ಆ ಹೊತ್ತೆಲ್ಲ ಗುರಿಯ ದಿಕ್ಕಿಗೇ.

ಏಳೂ ಸರಿಯಾಗಿ ಹೋದವು. ಹುಣಸೆ ಬೀಜದ ನೆಗ್ಗಿದ್ದ ಕೇಸನ್ನು ನಾನು ಮೊದಲೇ ಪೆನ್ನಿನಿಂದ ಗುರುತು ಮಾಡಿ ಇಟ್ಟಿದ್ದೆ. ಹೊರಬಂದಾಗ ಇನ್ನೂ ಬಿಸಿ. ಬಿಸಿಲಿಗೆ ಹಿಡಿದು ತಿರುಗಿಸಿದೆ. ನೆಗ್ಗು ಇಲ್ಲ. ಒಂದು ಕೋನದಲ್ಲಿ ಮಾತ್ರ, ಇಸ್ತ್ರಿ ಹಾಕಿದ ಬಟ್ಟೆಯಲ್ಲಿ ಹಳೆಯ ಮಡಿಕೆ ಕಾಣುವ ಹಾಗೆ, ಒಂದು ಮಸುಕು ವೃತ್ತ. ಉಗುರು ಎಳೆದೆ, ಏನೂ ತಾಗಲಿಲ್ಲ.

ಇನ್ನು ಪಾಯಿಂಟ್ 22. ತೆಂಗಿನಕಾಯಿ ಪಂದ್ಯಕ್ಕೆ ಹೆಚ್ಚು ಜನ ತರುವುದು ಇದನ್ನೇ, ಜೇಬಿನಲ್ಲಿ ಬೀಗದಕೈ ಜೊತೆ ಹಾಕಿಕೊಂಡು ಬರುವವರೂ ಇದ್ದಾರೆ. ಇದರಲ್ಲಿ ಪ್ರತ್ಯೇಕ ಕೇಪು ಇಲ್ಲ. ಸಿಡಿಯುವ ಮದ್ದು ತಳದ ಅಂಚಿನೊಳಗೇ ಸುತ್ತ ಇರುತ್ತದೆ. ಹಾಗಾಗಿ ಅಂಚು ನೆಗ್ಗಿದ್ದರೆ ಹಾರಿಸುವ ಮಾತೇ ಇಲ್ಲ. ಒಡಲು ನೆಗ್ಗಿದ್ದರೂ ನಾನು ಹಾರಿಸುವುದಿಲ್ಲ. ಒತ್ತಡ ಕಮ್ಮಿ, ಮಿತಿ 24,000 ಪಿಎಸ್‌ಐ, ಆದರೆ ಹಿತ್ತಾಳೆಯೂ ಅಷ್ಟೇ ತೆಳ್ಳಗೆ. ಗುಂಡು ಬರೀ ಸೀಸ, ಸುಲಭವಾಗಿ ಸೊಟ್ಟಗಾಗುತ್ತದೆ. ಬೆಲೆಯೂ ದೊಡ್ಡ ರೈಫಲಿನದರಷ್ಟಿಲ್ಲ, ಅದಕ್ಕೆ ಇಷ್ಟು ಪರೀಕ್ಷೆ ಯಾರು ಮಾಡುತ್ತಾ ಕೂರುವುದು!

ನೆಗ್ಗಿಗಿಂತ ನಮ್ಮ ಮಳೆಗಾಲ ತೋಟಾಗೆ ದೊಡ್ಡ ಶತ್ರು. ಹಸಿರು ಕಿಲುಬು ಕಟ್ಟಿದ್ದರೆ ಒಣ ಬಟ್ಟೆಯಲ್ಲಿ ಒರೆಸಿ ನೋಡಿ. ಒರೆಸಿದರೆ ಹೋಗಿ ಕೆಳಗೆ ನುಣುಪಾದ ಹಿತ್ತಾಳೆ ಕಂಡರೆ ಸರಿ, ಗುಳಿ ತಿಂದಿದ್ದರೆ ಬೇಡ. ಎಣ್ಣೆ ಹಚ್ಚಿ ಇಡುವ ಅಭ್ಯಾಸ ಬಿಡಿ. ಎಣ್ಣೆ ಕೇಪಿಗೆ ಇಳಿದರೆ ತೋಟಾ ಸತ್ತಂತೆ. ಎಣ್ಣೆ ಮೆತ್ತಿದ ಕೇಸು ಚೇಂಬರಿನ ಗೋಡೆಗೆ ಕಚ್ಚದೆ ಜಾರುತ್ತದೆ, ಎಲ್ಲಾ ಭಾರ ಬೋಲ್ಟಿನ ಮೇಲೆ ಬೀಳುತ್ತದೆ.

ಹಿತ್ತಾಳೆಗೆ ಅಮೋನಿಯಾ ಆಗಿಬರುವುದಿಲ್ಲ. ಬ್ರಿಟಿಷರ ಕಾಲದಲ್ಲಿ ಭಾರತದ ಸೈನ್ಯಕ್ಕೆ ಇದು ದೊಡ್ಡ ತಲೆನೋವಾಗಿತ್ತು. ಮಳೆಗಾಲದಲ್ಲಿ ಕುದುರೆ ಲಾಯದಲ್ಲಿ ಇಟ್ಟ ತೋಟಾಗಳು ತಾವಾಗೇ ಸೀಳುತ್ತಿದ್ದವು. ಮಳೆಗಾಲದಲ್ಲೇ ಆಗುತ್ತಿದ್ದುದರಿಂದ ಅದಕ್ಕೆ ಸೀಸನ್ ಕ್ರ್ಯಾಕಿಂಗ್ ಅಂತಲೇ ಹೆಸರು ಬಿತ್ತು. ಕುದುರೆ ಮೂತ್ರದ ಅಮೋನಿಯಾ ಮತ್ತು ಹಿತ್ತಾಳೆಯೊಳಗೆ ಉಳಿದ ಬಿಗಿತ, ಇವೆರಡೂ ಸೇರಿ ಹೀಗಾಗುತ್ತದೆ ಅಂತ ವಿವರಣೆ ಬಂದದ್ದು 1921ರಲ್ಲಿ. ನೆಗ್ಗಿದ ಜಾಗದಲ್ಲಿ ಬಿಗಿತ ಜಾಸ್ತಿ ಇರುತ್ತದೆ ಅನ್ನುವುದನ್ನು ನೆನಪಿಡಿ. ನಮ್ಮಲ್ಲಿ ಈಗ ಕುದುರೆ ಇಲ್ಲ, ಆದರೆ ಹಟ್ಟಿ ಇದೆ, ಗೊಬ್ಬರದ ಗೋದಾಮಿದೆ. ಯೂರಿಯಾ ಚೀಲದ ಪಕ್ಕ, ಹಟ್ಟಿಯ ಅಟ್ಟದ ಮೇಲೆ ತೋಟಾ ಇಡಬೇಡಿ. ನಾನು ಈಗ ಬೀರುವಿನಲ್ಲಿ, ಗಾಳಿಯಾಡದ ಸ್ಟೀಲ್ ಡಬ್ಬದಲ್ಲಿ, ತೇವ ಹೀರುವ ಸಿಲಿಕಾ ಪೊಟ್ಟಣದ ಜೊತೆ ಇಡುತ್ತೇನೆ. ಬೀಗ ಇದ್ದೇ ಇದೆ. ಹಳೆಯ ತೋಟಾಗಳಲ್ಲಿ ಕತ್ತಿನ ಉದ್ದಕ್ಕೆ ಕೂದಲಿನಂಥ ಸೀಳು ಹುಡುಕಿ, ನೆಗ್ಗು ಇಲ್ಲದಿದ್ದರೂ.

ಎಡಗಡೆಯ ತೋಟಾಗಳನ್ನು ಸರಿಮಾಡಲು ಹೋಗಬೇಡಿ. ಇಕ್ಕುಳದಲ್ಲಿ ಬಾಯಿ ಅಗಲ ಮಾಡುವುದು, ಗುಂಡು ಎಳೆಯುವುದು, ಸುತ್ತಿಗೆಯಲ್ಲಿ ತಟ್ಟುವುದು, ಯಾವುದೂ ಬೇಡ. ಕೆರೆಗೆ ಎಸೆಯಬೇಡಿ, ಹೂಳಬೇಡಿ, ಕಸದ ಬೆಂಕಿಗಂತೂ ಹಾಕಲೇಬೇಡಿ. ಬೆಂಕಿಯಲ್ಲಿ ಸಿಡಿದರೆ ಸುತ್ತ ಚೇಂಬರ್ ಇಲ್ಲದ್ದರಿಂದ ಗುಂಡು ಹೆಚ್ಚು ದೂರ ಹಾರುವುದಿಲ್ಲ, ಆದರೆ ಹಿತ್ತಾಳೆಯ ಚೂರುಗಳು ಕಣ್ಣು ತೆಗೆಯಲು ಸಾಕು. ತೋಟದಲ್ಲಿ ತರಗೆಲೆ ಸುಡುವ ಕೆಲಸದವರಿಗೆ ಅದರೊಳಗೆ ತೋಟಾ ಇದೆ ಅಂತ ಹೇಗೆ ಗೊತ್ತಾಗಬೇಕು?

ಜಮ್ಮಾ ಕುಟುಂಬದವರು ನಾವು, ಅಂದರೆ ಕೊಡಗಿನಲ್ಲಿ ವಂಶಪಾರಂಪರ್ಯವಾಗಿ ಜಮೀನು ಹಿಡಿದುಕೊಂಡು ಬಂದವರು. ಕೋವಿಗೆ ಲೈಸೆನ್ಸ್ ಬೇಡ ಅನ್ನುವ, 1861ರಲ್ಲಿ ಬ್ರಿಟಿಷ್ ಅಧಿಕಾರಿ ಮಾರ್ಕ್ ಕಬ್ಬನ್ ಕಾಲದಿಂದ ಬಂದ ವಿನಾಯಿತಿ ನಮಗಿದೆ, 2019ರಲ್ಲಿ ಕೇಂದ್ರ ಸರ್ಕಾರ ಅದನ್ನು 2029ರವರೆಗೆ ಮುಂದುವರಿಸಿದೆ. ಆದರೂ ಕೊಂಡ ತೋಟಾಗೆ ಲೆಕ್ಕ ಇಟ್ಟುಕೊಳ್ಳುವುದು ಒಳ್ಳೆಯದು. ನಾಲ್ಕನ್ನೂ ಬೇರೆ ಪೊಟ್ಟಣ ಕಟ್ಟಿ, ಮೇಲೆ "ಕೆಟ್ಟಿದೆ, ಹಾರಿಸಬಾರದು" ಅಂತ ಬರೆದು, ಕೊಂಡ ಅಂಗಡಿಗೇ ಒಯ್ದೆ. ಅಂಗಡಿಯಲ್ಲಿ ತೆಗೆದುಕೊಳ್ಳದಿದ್ದರೆ ಪೊಲೀಸ್ ಠಾಣೆಯಲ್ಲಿ ಕೇಳಬೇಕು. ನನ್ನ ಪುಣ್ಯ, ತೆಗೆದುಕೊಂಡರು. ಒಂದು ಚೀಟಿಯಲ್ಲಿ ಬರೆಸಿಕೊಂಡು ಬಂದೆ.

ಸೆಪ್ಟೆಂಬರ್ 3ರಂದು ಕೈಲ್ ಮುಹೂರ್ತ. ಕೋವಿ ಒರೆಸಿ, ಗಂಧ ಇಟ್ಟು, ನಳಿಗೆಯ ಬಾಯಿಗೆ ಕೋವಿ ಹೂ ಸಿಕ್ಕಿಸಿದೆವು. ಪೂಜೆ ಮುಗಿದ ಮೇಲೆ ಮಾವ ಜೀಪಿನ ಹತ್ತಿರ ಹೋಗಿ ಹಿಂದಿನ ಸೀಟು ಎತ್ತಿ ನೋಡಿದರು. ಜಾಕನ್ನು ಹಗ್ಗದಲ್ಲಿ ಕಟ್ಟಿದ್ದೆ. ಗಂಟನ್ನು ಎಳೆದು ನೋಡಿ, ಏನೂ ಹೇಳದೆ ಊಟಕ್ಕೆ ಬಂದರು.